ಮಂಗಟ್ಟೆಯ ಮೂವತ್ತು ಹಣ್ಣು

ಒಂದು ಕಾಡಿನಲ್ಲಿ, ಅದು ಎಲ್ಲಿದೆ ಎಂದು ಕೇಳಬೇಡಿ, ನನಗೂ ಈಗ ದಾರಿ ಮರೆತಿದೆ, ಒಂದು ದೊಡ್ಡ ತಾರೆ ಮರವಿತ್ತು. ಆ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಗಳ ಒಂದು ಸಂಸಾರವಿತ್ತು. ಗಂಡನ ಹೆಸರು ದ್ಯಾವಯ್ಯ. ಹೆಂಡತಿಯ ಹೆಸರು ನಾಗವ್ವ.

ಮಂಗಟ್ಟೆಗಳ ಪದ್ಧತಿ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಕೇಳಿ. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಪೊಟರೆಯ ಒಳಗೆ ಹೋಗುತ್ತದೆ. ಒಳಗಿನಿಂದಲೇ ಬಾಗಿಲಿಗೆ ಮಣ್ಣು ಮೆತ್ತಿ ಗೋಡೆ ಕಟ್ಟಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಕಿಂಡಿ ಮಾತ್ರ ಬಿಡುತ್ತದೆ. ಆಮೇಲೆ ತನ್ನ ರೆಕ್ಕೆಯ ಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಮೂರು ತಿಂಗಳು ಅದು ಹಾರಲಾರದು, ಹೊರಗೆ ಬರಲಾರದು. ಗಂಡ ತಂದು ಕೊಟ್ಟರೆ ಊಟ. ತರದಿದ್ದರೆ ಇಲ್ಲ.

ಗೋಡೆಯ ಕೊನೆಯ ಮಣ್ಣು ಮೆತ್ತುವ ಮೊದಲು ನಾಗವ್ವ ಒಂದೇ ಮಾತು ಕೇಳಿದ್ದಳು.

"ದಿನಾ ಬರ್ತೀರಲ್ಲ?"

"ಬರ್ತೀನಿ ಕಣೇ. ಇದೂ ಒಂದು ಕೇಳೋ ಮಾತಾ?" ಎಂದಿದ್ದ ದ್ಯಾವಯ್ಯ.

ಅವಳು ಮಣ್ಣು ಮೆತ್ತಿದಳು.

ದ್ಯಾವಯ್ಯ ಮಾತಿಗೆ ತಪ್ಪಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಹೊರಡುತ್ತಿದ್ದ. ಹಣ್ಣಿನ ಮರಗಳು ಹಳ್ಳದ ಆಚೆಗಿದ್ದವು. ಅಲ್ಲಿ ಆಲದ ಜಾತಿಯ ಗೋಳಿ ಹಣ್ಣು ಕಿತ್ತು ಒಂದೊಂದಾಗಿ ಗಂಟಲಿನಲ್ಲಿ ತುಂಬಿಕೊಳ್ಳುತ್ತಿದ್ದ. ಒಂದು ಸಲಕ್ಕೆ ಮೂವತ್ತು ಹಣ್ಣು. ಮರಳಿ ಬಂದು, ಕಿಂಡಿಯ ಮುಂದೆ ತೊಗಟೆಗೆ ಉಗುರೂರಿ ನಿಂತು, ಒಂದೊಂದೇ ಹಣ್ಣನ್ನು ಗಂಟಲಿನಿಂದ ಮೇಲಕ್ಕೆ ತಂದು ಕೊಡುತ್ತಿದ್ದ. ಒಳಗಿನಿಂದ ನಾಗವ್ವನ ಹಳದಿ ಕೊಕ್ಕಿನ ತುದಿ ಬಂದು ಹಣ್ಣನ್ನು ತೆಗೆದುಕೊಳ್ಳುತ್ತಿತ್ತು. ಅವನಿಗೆ ಕಾಣುತ್ತಿದ್ದುದು ಆ ಕೊಕ್ಕು ಒಂದೇ. ಅವಳ ಮುಖವೂ ಇಲ್ಲ, ಮೈಯೂ ಇಲ್ಲ.

ಒಂದು ದಿನ ಪೊಟರೆಯೊಳಗೆ ಎರಡು ಮರಿಗಳ ಚೀರುದನಿ ಕೇಳಿಸಿತು. ದ್ಯಾವಯ್ಯನಿಗೆ ಖುಷಿಯಾಯಿತು. ಜೊತೆಗೆ ಕೆಲಸ ಎರಡರಷ್ಟಾಯಿತು. ಸಂಜೆಯ ಹೊತ್ತಿಗೆ ಅವನ ಕುತ್ತಿಗೆ ಸೆಟೆದುಕೊಳ್ಳುತ್ತಿತ್ತು. ರೆಕ್ಕೆ ಎತ್ತಿದರೆ ನೋವು, ಇಳಿಸಿದರೆ ನೋವು. ಸಂಸಾರ ಮಾಡಿದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷವೇ ಗುಡ್ಡದ ಆಚೆ ಕಾಡ್ಗಿಚ್ಚು ಬಿತ್ತು. ಮೂರು ದಿನ ಹೊಗೆ ಎದ್ದಿತು. ಅಲ್ಲಿನ ಮರಗಳೆಲ್ಲ ಸುಟ್ಟುಹೋದವು ಎಂಬ ಸುದ್ದಿ ಬಂತು. ಈಚೆಯವರು ಅಯ್ಯೋ ಅಂದರು. ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಈಗ ಇನ್ನೊಬ್ಬನನ್ನು ಪರಿಚಯ ಮಾಡಿಕೊಡಬೇಕು. ಅವನು ಪುನುಗು ಬೆಕ್ಕು. ಹೆಸರು ಗಂಧರಾಯ. ಅವನು ಬರುವ ಮೊದಲೇ ಅವನ ಮೈಯ ಘಮ ಬರುತ್ತಿತ್ತು. ಅದರ ಹಿಂದೆ ಮಾತು ಬರುತ್ತಿತ್ತು. ಇಡೀ ಕಾಡಿನಲ್ಲಿ ಅತಿ ದೊಡ್ಡ ಹೆಬ್ಬಲಸಿನ ಮರ ಅವನದು. ಆದರೂ ಅವನಿಗೆ ಗೋಳಿ ಹಣ್ಣಿನ ಮೇಲೆ ಬಹಳ ಆಸೆ. ಹಳ್ಳ ದಾಟಿ, ಮರ ಹತ್ತಿ ಕಿತ್ತು ತಿನ್ನಲು ಮಾತ್ರ ಮೈಗಳ್ಳತನ.

ಒಂದು ಸಂಜೆ ದ್ಯಾವಯ್ಯ ಕೊಂಬೆಯ ಮೇಲೆ ಕುತ್ತಿಗೆ ಇಳಿಬಿಟ್ಟು ಕೂತಿದ್ದ. ಗಂಧರಾಯ ಪಕ್ಕದ ಕೊಂಬೆಗೆ ಬಂದ.

"ಸುಸ್ತಾಗಿದೀರ, ದ್ಯಾವಯ್ಯನೋರೇ."

"ಏನು ಮಾಡೋದು ರಾಯರೇ. ಮೂರು ಹೊಟ್ಟೆ ಇವೆ."

"ಒಂದು ಮಾತು ಕೇಳಲಾ? ಬೇಜಾರು ಮಾಡ್ಕೋಬಾರದು. ಈಗ ಇದೇ ಕೊಂಬೆ ಮೇಲೆ ಒಂದು ಕುಟ್ರಹಕ್ಕಿ ಮರಿ ಹಸಿದು ಬಾಯಿ ತೆರೆದರೆ, ಒಂದು ಹಣ್ಣು ಕೊಡ್ತೀರೋ ಇಲ್ಲವೋ?"

"ಕೊಡದೆ ಇರ್ತೀನಾ?"

"ಅದು ಪಕ್ಕದ ಮರದಲ್ಲಿದ್ರೆ?"

"ಆಗಲೂ ಕೊಡ್ತೀನಿ."

"ಅದರಾಚೆ ಮರ? ಹಳ್ಳದ ಆಚೆ? ಗುಡ್ಡದ ನೆತ್ತಿ?" ಗಂಧರಾಯ ಬಾಲ ಚಾಚಿ ಒಂದೊಂದೇ ಮರ ತೋರಿಸುತ್ತ ಹೋದ. "ಯಾವ ಮರದಿಂದ ಆಚೆಗೆ ಹಸಿವು ಹಸಿವಲ್ಲ ಅಂತ ನೀವೇ ಹೇಳಿಬಿಡಿ. ನಾನು ಅಲ್ಲಿಗೇ ಸುಮ್ಮನಾಗ್ತೀನಿ."

ದ್ಯಾವಯ್ಯ ಯೋಚಿಸಿದ. ಅಂಥ ಮರ ಯಾವುದೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯುವುದಿಲ್ಲ. ಗಂಧರಾಯ ಕಳ್ಳ. ಆದರೆ ಅವನು ಕೇಳಿದ ಪ್ರಶ್ನೆ ಕಳ್ಳ ಪ್ರಶ್ನೆಯಲ್ಲ. ಬೇಸರದ ಸಂಗತಿ ಅದೇ.

"ಗುಡ್ಡದಾಚೆ ಜೀವಗಳು ಸಾಯ್ತಿವೆ," ಎಂದ ಗಂಧರಾಯ. "ಅಲ್ಲಿ ಒಂದು ಹಣ್ಣಿಗೆ ಒಂದು ಜೀವ ಉಳಿಯುತ್ತೆ. ನಿಮ್ಮ ಗಂಟಲಲ್ಲಿ ಮೂವತ್ತು ಹಣ್ಣು. ಮೂವತ್ತು ಹಣ್ಣಿಗೆ ಇಲ್ಲಿ ಮೂರು ಬಾಯಿ, ಅಲ್ಲಿ ಮೂವತ್ತು ಜೀವ. ನಿಮ್ಮ ಹೆಂಡತಿ ಮಕ್ಕಳು ನಿಮ್ಮವರು ಅನ್ನೋದು ಬಿಟ್ಟರೆ, ಅವರ ಹಸಿವಿಗೆ ಬೇರೆ ಏನು ಹೆಚ್ಚುಗಾರಿಕೆ ಇದೆ?"

ದ್ಯಾವಯ್ಯ ಒಳ್ಳೆಯವನು. ಒಳ್ಳೆಯವರನ್ನು ನಾಚಿಕೆಪಡಿಸುವುದು ಬಹಳ ಸುಲಭ. ಅವನು ತಲೆ ತಗ್ಗಿಸಿದ.

"ನಾನೇ ಹೋಗಿ ಕೊಟ್ಟು ಬರ್ತೀನಿ ರಾಯರೇ."

"ಛೆ ಛೆ! ಹೋಗಿ ಬರೋಕೆ ಅರ್ಧ ದಿನ ಬೇಕು. ಅಷ್ಟರಲ್ಲಿ ನೀವು ಮೂರು ಗಂಟಲು ಹಣ್ಣು ತರಬಹುದು. ಆ ತೊಂಬತ್ತು ಹಣ್ಣು ಸುಮ್ಮನೆ ದಂಡ ಅಲ್ವಾ? ನೀವು ಗುಡ್ಡದ ಬುಡದ ಹಾಸುಬಂಡೆ ಮೇಲೆ ಇಟ್ಟು ಹೋಗಿ. ಆಚೆ ಸಾಗಿಸೋಕೆ ನಮ್ಮ ಕಡೆಯವರಿದಾರೆ. ತರೋದು ನಿಮ್ಮ ಕೆಲಸ, ಹಂಚೋದು ನಮ್ಮದು."

"ಎಷ್ಟು ಇಡಲಿ?"

"ಹತ್ತಕ್ಕೆ ಒಂದು. ಅಷ್ಟು ಮನೆಯವರಿಗೆ ಗೊತ್ತೂ ಆಗಲ್ಲ."

ಮಾರನೆಯ ದಿನದಿಂದ ದ್ಯಾವಯ್ಯ ಮೂವತ್ತರಲ್ಲಿ ಮೂರು ಹಣ್ಣನ್ನು ಹಾಸುಬಂಡೆಯ ಮೇಲೆ ಇಟ್ಟು ಬಂದ. ನಾಗವ್ವನಿಗೆ ಹೇಳಲಿಲ್ಲ. ಹೇಳಬಾರದು ಅಂತಲ್ಲ. ಮೂರು ಹಣ್ಣಿನ ಮಾತು, ಏನು ಹೇಳುವುದು ಎಂದುಕೊಂಡ. ಅವನ ಮನಸ್ಸಿಗೆ ಹಿತವಾಯಿತು. ಯಾರೋ ಕಾಣದ ಮರಿ ಹೊಟ್ಟೆ ತುಂಬಿ ಮಲಗಿದೆ ಎಂದುಕೊಂಡು ಅವನೂ ಮಲಗಿದ.

ಒಂದು ವಾರ ಕಳೆಯಿತು. ಗಂಧರಾಯ ಮತ್ತೆ ಬಂದ.

"ಮೂರು ಜೀವ ಉಳಿದವು ದ್ಯಾವಯ್ಯನೋರೇ. ನಿಮ್ಮ ಹೆಸರು ಹೇಳಿ ಕಣ್ಣೀರು ಹಾಕಿದವು."

"ಹೌದಾ!"

"ನಾಲ್ಕನೇದು ಮಾತ್ರ ಹೋಯ್ತು. ಒಂದೇ ಒಂದು ಹಣ್ಣು ಕಡಿಮೆ ಬಿತ್ತು."

ಅಂದು ದ್ಯಾವಯ್ಯನಿಗೆ ನಿದ್ದೆ ಬರಲಿಲ್ಲ. ಮರುದಿನ ಆರು ಹಣ್ಣು ಇಟ್ಟ. ಆಮೇಲೆ ಹತ್ತು. ಆಮೇಲೆ ಹದಿನೈದು. ಪ್ರತಿ ಸಲವೂ ಒಂದು ಹಣ್ಣು ಕಡಿಮೆ ಬಿದ್ದೇ ಬೀಳುತ್ತಿತ್ತು.

"ಎಲ್ಲಿಗೆ ನಿಲ್ಲಿಸೋದು ರಾಯರೇ?" ಎಂದು ಒಮ್ಮೆ ಕೇಳಿದ.

"ನಿಮ್ಮ ಮನೆಯವರಿಗಿಂತ ಹೆಚ್ಚು ಹಸಿದವರು ಎಲ್ಲೂ ಇಲ್ಲ ಅನ್ನೋ ದಿನ ನಿಲ್ಲಿಸಿ."

ಅಂಥ ದಿನ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದ್ಯಾವಯ್ಯ ಇನ್ನೂ ಬೇಗ ಏಳತೊಡಗಿದ. ಇನ್ನೂ ದೂರ ಹಾರತೊಡಗಿದ. ತಾನು ಎರಡು ಹಣ್ಣು ತಿಂದರೆ ಅದು ಯಾರ ಜೀವವೋ ಎಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಗಳಿಗೆ ಕೊಂಬೆಯ ಮೇಲೆ ಕೂತರೂ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಅಷ್ಟು ದಣಿದವನಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು?

ಕಿಂಡಿಯ ಒಳಗಿನಿಂದ ನಾಗವ್ವ ಕೇಳಿದಳು, "ಏನ್ರೀ, ಹಣ್ಣು ಕಡಿಮೆ ಆಗ್ತಿದೆಯಲ್ಲ?"

"ಮರ ಬರಿದಾಗಿದೆ ಕಣೇ."

ಅದು ಅವನು ಅವಳಿಗೆ ಹೇಳಿದ ಮೊದಲ ಸುಳ್ಳು. ಹೇಳಿದ ಮೇಲೆ ಅವಳ ಕೊಕ್ಕನ್ನು ನೋಡಿದ. ಕೊಕ್ಕು ಹಿಂದಿನಂತೆಯೇ ದಪ್ಪಗೆ, ಹಳದಿಯಾಗಿ, ಗಟ್ಟಿಯಾಗಿತ್ತು. ಪರವಾಗಿಲ್ಲ, ಚೆನ್ನಾಗಿಯೇ ಇದ್ದಾಳೆ ಎಂದುಕೊಂಡ. ಮಂಗಟ್ಟೆ ಮಾತ್ರ ಮಾಡಬಹುದಾದ ತಪ್ಪು ಇದು. ಮೈ ಎಷ್ಟು ಬಡವಾದರೂ ಕೊಕ್ಕು ಬಡವಾಗುವುದಿಲ್ಲ.

ನಾಗವ್ವ ಆಮೇಲೆ ಕೇಳಲಿಲ್ಲ. ಬಂದಷ್ಟನ್ನು ಮರಿಗಳಿಗೆ ಕೊಟ್ಟಳು.

ಇನ್ನೂ ಕೆಲವು ದಿನ ಕಳೆದವು. ಒಂದು ಸಂಜೆ ಪೊಟರೆಯೊಳಗೆ ಒಂದೇ ಮರಿಯ ದನಿ ಕೇಳಿಸಿತು. ಇನ್ನೊಂದು ಮಲಗಿರಬೇಕು ಎಂದುಕೊಂಡು ದ್ಯಾವಯ್ಯ ಗುಡ್ಡದ ಕಡೆ ಹಾರಿದ.

ಗೋಳಿ ಹಣ್ಣಿನ ಕಾಲ ಮುಗಿದು ನೇರಳೆ ಹಣ್ಣಿನ ಕಾಲ ಬಂದಿತ್ತು. ಗಂಧರಾಯನಿಗೆ ಕುತ್ತು ಬಂದದ್ದೂ ಅಲ್ಲಿಂದಲೇ. ಗೋಳಿಯ ಬೀಜ ಕಣ್ಣಿಗೆ ಕಾಣುವಂಥದ್ದಲ್ಲ. ತಿಂದವನ ಗುಟ್ಟನ್ನು ಅದು ಬಚ್ಚಿಡುತ್ತದೆ. ನೇರಳೆ ಬೀಜ ಹಾಗಲ್ಲ.

ದ್ಯಾವಯ್ಯ ದಿನಾ ಸಂಜೆ ಬಂಡೆಗೆ ಹೋಗುತ್ತಿದ್ದ. ಒಂದು ದಿನ ಮಧ್ಯಾಹ್ನವೇ ಮೋಡ ಕವಿಯಿತು. ಮಳೆಗೆ ಮುಂಚೆ ಮುಗಿಸೋಣ ಎಂದು ಬೇಗ ಹೋದ. ಪುನುಗು ಬೆಕ್ಕುಗಳು ಹಗಲು ಮಲಗುವ ಜಾತಿ. ಬಂಡೆಯ ಬಳಿ ಯಾರೂ ಇರಲಿಲ್ಲ. ದ್ಯಾವಯ್ಯ ಇಪ್ಪತ್ತೈದು ಹಣ್ಣುಗಳನ್ನು ಒಂದೊಂದಾಗಿ ಇಳಿಸಿದ. ಗಾಳಿ ಬೀಸಿತು. ಬಂಡೆಯ ಹಿಂದಿನಿಂದ ಒಂದು ವಾಸನೆ ಬಂತು. ಗಂಧರಾಯನ ಘಮವಲ್ಲ, ಬೇರೆ ವಾಸನೆ. ದ್ಯಾವಯ್ಯ ಆ ಕಡೆ ಇಣುಕಿದ.

ಅಲ್ಲಿ ನೇರಳೆ ಬೀಜದ ರಾಶಿ ಇತ್ತು. ಉಂಡೆ ಉಂಡೆಯಾಗಿ, ಒಣಗಿದ್ದು, ಹಸಿಯಾದದ್ದು, ದಿನದಿನದ್ದೂ ಇತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಯಾವ ಜೀವದ ಹೊಟ್ಟೆಯಿಂದ ಬಂದದ್ದು ಎಂದು ಕಾಡಿನವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಅದು ಪುನುಗಿನದು ಎಂದು ದ್ಯಾವಯ್ಯನಿಗೂ ತಿಳಿಯಿತು. ಆದರೂ ನಂಬಲಾಗಲಿಲ್ಲ. ಅವನು ಗುಡ್ಡ ದಾಟಿ ಹಾರಿದ. ಅಷ್ಟು ದಿನದಲ್ಲಿ ಅದೇ ಮೊದಲು. ಗಂಧರಾಯ ಹೇಳಿದಂತೆ ಅರ್ಧ ದಿನವೇನೂ ಹಿಡಿಯಲಿಲ್ಲ.

ಗುಡ್ಡದಾಚೆ ನೆಲ ಕಪ್ಪಗಿತ್ತು. ಮರಗಳು ಬರೀ ಮೋಟುಗಳಾಗಿದ್ದವು. ನಲವತ್ತು ಕೋತಿಗಳು ನೆಲ ಕೆದಕಿ ಗೆಡ್ಡೆ ಹುಡುಕುತ್ತಿದ್ದವು. ಅವುಗಳ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಹಸಿವಿನ ವಿಷಯದಲ್ಲಿ ಗಂಧರಾಯ ಸುಳ್ಳು ಹೇಳಿರಲಿಲ್ಲ. ಗುಂಪಿನ ಹಿರಿಯಳು ಚೌಡಜ್ಜಿ ಎಂಬ ಮುದಿ ಕೋತಿ. ಅವಳು ತಲೆ ಎತ್ತಿ ನೋಡಿದಳು.

"ಯಾರಪ್ಪ ನೀನು?"

"ದ್ಯಾವಯ್ಯ ಅಂತ. ಹಣ್ಣು... ಹಣ್ಣು ಬಂತಾ ಅಜ್ಜಿ?"

"ಯಾವ ಹಣ್ಣಪ್ಪ?"

ಚೌಡಜ್ಜಿ ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಅರ್ಧ ಗೆಡ್ಡೆಯನ್ನು ಅವನ ಮುಂದೆ ಇಟ್ಟಳು.

"ತಗೋ, ತಿನ್ನು. ಮುಖ ಬಾಡಿ ಹೋಗಿದೆ."

ಅವನಿಗೆ ಅಳು ಬಂತು. ನಡೆದದ್ದನ್ನೆಲ್ಲ ಹೇಳಿದ. ಚೌಡಜ್ಜಿ ಕೊನೆಯವರೆಗೂ ಕೇಳಿದಳು.

"ಪೊಟರೇಲಿ ಕೂತ ಹೆಂಡತಿ ತುತ್ತನ್ನ ನಮಗೆ ಕಳಿಸ್ತಿದ್ದೆಯಾ? ನಮಗೆ ಏನು ಬೇಕು ಅಂತ ಒಂದು ದಿನ ಬಂದು ಕೇಳಿದ್ದರೆ ಹೇಳ್ತಿರಲಿಲ್ವಾ?"

"ಏನು ಬೇಕಿತ್ತು ಅಜ್ಜಿ?"

"ಹಣ್ಣು ಬೇಡ ಅಂತ ಯಾರು ಹೇಳ್ತಾರೆ? ತಿಂದರೆ ಒಂದು ಹೊತ್ತು ಆಗುತ್ತೆ. ಆದ್ರೆ ಇಲ್ಲಿ ಮರ ಬೇಕು. ಮಳೆ ಬರೋದ್ರೊಳಗೆ ಈ ಬೂದಿಗೆ ಬೀಜ ಬೀಳಬೇಕು. ನಿನ್ನ ಹೆಂಡತಿ ತಿಂದು ಹೊರಗೆ ಹಾಕ್ತಾಳಲ್ಲ, ಆ ಬೀಜ ಸಾಕು. ಆ ಮರದ ಹಣ್ಣು ನಾನು ತಿನ್ನಲ್ಲ, ಅಷ್ಟು ದಿನ ನಾನಿರಲ್ಲ. ನೀನು ಮಾತ್ರ ಬೀಳಿಸು. ಈಗ ಮನೆಗೆ ಹೋಗಪ್ಪ."

ದ್ಯಾವಯ್ಯ ಮನೆಗೆ ಬಂದ. ತಾರೆ ಮರದ ಬುಡದಲ್ಲಿ ಇಳಿದ. ನಾಗವ್ವ ತಿಂದು ಹೊರಹಾಕಿದ ಬೀಜಗಳು ಅಲ್ಲೇ ಬೀಳಬೇಕು. ಹುಡುಕಿದ. ಎಲೆ ಸರಿಸಿ ಮತ್ತೆ ಹುಡುಕಿದ. ಬಂಡೆಯ ಹಿಂದೆ ಗುಡ್ಡೆ ಗುಡ್ಡೆ ಬೀಜವಿತ್ತು. ಇಲ್ಲಿ ಸಿಕ್ಕಿದ್ದು ಒಂದು ಹಿಡಿಗಿಂತ ಕಡಿಮೆ.

ಮೇಲೆ ಹಾರಿ ಕಿಂಡಿಯ ಮುಂದೆ ನಿಂತ.

"ನಾಗವ್ವ."

"ಬಂದ್ರಾ?" ದನಿ ಬಹಳ ಸಣ್ಣದಾಗಿತ್ತು.

"ಎರಡೂ ಮರಿ ಹೇಗಿವೆ?"

"ಸಣ್ಣದು ಹೋಯ್ತು ಕಣ್ರೀ. ಮೂರು ದಿನ ಆಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ಮರ ಬರಿದಾಗಿದೆ ಅಂದ್ರಿ. ನಂಬಿದೆ. ಬರಿದಾದ ಮರಕ್ಕೆ ದಿನಾ ಅಷ್ಟು ದೂರ ಹಾರ್ತಾರೆ, ಸುಸ್ತಾಗಿ ಬರ್ತಾರೆ, ಇದನ್ನೂ ಹೇಳಿ ಯಾಕೆ ಅಳಿಸೋದು ಅಂತ ಸುಮ್ಮನಾದೆ."

ದ್ಯಾವಯ್ಯ ತೊಗಟೆಗೆ ತಲೆ ಆನಿಸಿ ಅತ್ತ. ಅಳುತ್ತಲೇ ಎಲ್ಲವನ್ನೂ ಹೇಳಿದ. ಗಂಧರಾಯನ ಪ್ರಶ್ನೆ, ಹತ್ತಕ್ಕೆ ಒಂದು, ಬಂಡೆಯ ಹಿಂದಿನ ರಾಶಿ, ಚೌಡಜ್ಜಿ ಕೊಟ್ಟ ಅರ್ಧ ಗೆಡ್ಡೆ, ಯಾವುದನ್ನೂ ಬಿಡಲಿಲ್ಲ.

"ನಾನು ದಾನ ಮಾಡ್ತಿದೀನಿ ಅಂದ್ಕೊಂಡಿದ್ದೆ," ಎಂದ.

"ನೀವೆಲ್ಲಿ ಮಾಡಿದ್ರಿ?" ಎಂದಳು ನಾಗವ್ವ. ಅವಳ ದನಿಯಲ್ಲಿ ಸಿಟ್ಟಿಗೂ ಶಕ್ತಿ ಇರಲಿಲ್ಲ. "ದಾನ ಮಾಡಿದ್ದು ನಾನು. ಮಾಡಿದ್ದು ಆ ಸಣ್ಣದು. ನಮ್ಮನ್ನ ಯಾರೂ ಕೇಳಲಿಲ್ಲ, ಅಷ್ಟೇ."

ನಾಗವ್ವ ಮುಂದುವರಿಸಿದಳು.

"ಅವರ ಹಸಿವು ನನ್ನ ಹಸಿವಿಗಿಂತ ಸಣ್ಣದು ಅಂತ ನಾನು ಹೇಳಲ್ಲ. ಅಲ್ಲೂ ತಾಯಂದಿರು ಇರ್ತಾರೆ. ಕೇಳಿದ್ದರೆ ಹತ್ತಕ್ಕೆ ಒಂದು ನಾನೇ ಕೊಡ್ತಿದ್ದೆ. ಆದ್ರೆ ಆ ರಾಯ ನಿಮ್ಮನ್ನ ಕೇಳಿದನಲ್ಲ, ನಮ್ಮ ಹಸಿವಿಗೆ ಏನು ಹೆಚ್ಚುಗಾರಿಕೆ ಅಂತ. ಹೆಚ್ಚುಗಾರಿಕೆ ಏನೂ ಇಲ್ಲ. ಆದ್ರೆ ನೀವು ಬರ್ತೀನಿ ಅಂದ್ರಿ. ಆ ಮಾತು ನಂಬಿ ನಾನು ಬಾಗಿಲು ಹಾಕ್ಕೊಂಡೆ, ಗರಿ ಉದುರಿಸ್ಕೊಂಡೆ. ಗುಡ್ಡದಾಚೆಯವರು ನಿಮ್ಮನ್ನ ನಂಬಿ ಬಾಗಿಲು ಹಾಕ್ಕೊಂಡಿದ್ರಾ?"

ಗಂಧರಾಯ ಏಳುವ ಮೊದಲೇ ಅವನು ಬಂಡೆಗೆ ಹೋದ. ಮಧ್ಯಾಹ್ನ ಇಟ್ಟ ಇಪ್ಪತ್ತೈದು ಹಣ್ಣುಗಳು ಇನ್ನೂ ಅಲ್ಲೇ ಇದ್ದವು. ಅವುಗಳನ್ನು ಗಂಟಲಿಗೆ ತುಂಬಿಕೊಂಡು ಬಂದು ಒಂದೊಂದೇ ಕೊಟ್ಟ. ಹಳದಿ ಕೊಕ್ಕು ಇಪ್ಪತ್ತೈದು ಸಲ ಹೊರಗೆ ಬಂತು. ಕೊನೆಯ ಹಣ್ಣು ಆದ ಮೇಲೂ ಒಂದು ಸಲ ಬಂತು.

ಇನ್ನು ಗಂಧರಾಯನ ಕಥೆ. ಅದನ್ನೂ ಹೇಳಿ ಮುಗಿಸುತ್ತೇನೆ.

ಮಾರನೆಯ ಸಂಜೆ ಅವನು ಮೈ ಮುರಿಯುತ್ತ ಬಂಡೆಗೆ ಬಂದ. ಬಂಡೆಯ ಮೇಲೆ ಹಣ್ಣು ಇರಲಿಲ್ಲ. ನಲವತ್ತು ಕೋತಿಗಳು ಕೂತಿದ್ದವು. ನಡುವೆ ಚೌಡಜ್ಜಿ. ದ್ಯಾವಯ್ಯ ಮೇಲಿನ ಕೊಂಬೆಯಲ್ಲಿದ್ದ. ಅವನೇ ಮುಂಜಾನೆ ಹೋಗಿ ಅವರನ್ನು ಕರೆದಿದ್ದ.

"ನಮ್ಮ ಹೆಸರಲ್ಲಿ ಬಂದ ಹಣ್ಣು ಎಲ್ಲಪ್ಪ?" ಎಂದಳು ಚೌಡಜ್ಜಿ.

ಗಂಧರಾಯ ಒಂದು ಹೆಜ್ಜೆ ಹಿಂದೆ ಸರಿದ. ಬಾಯಿ ಮಾತ್ರ ಹಿಂದೆ ಸರಿಯಲಿಲ್ಲ.

"ಸಾಗಿಸೋ ಏರ್ಪಾಡು ನಡೀತಿತ್ತು ಅಜ್ಜಿ. ಇಂಥ ದೊಡ್ಡ ಕೆಲಸ ಅಂದಮೇಲೆ ಹಂಚೋನಿಗೂ ಶಕ್ತಿ ಬೇಕಲ್ಲ? ಅದಕ್ಕೇ ಸ್ವಲ್ಪ..."

"ಸ್ವಲ್ಪ?" ಒಂದು ಮರಿಕೋತಿ ಬಂಡೆಯ ಹಿಂದೆ ಇಣುಕಿ ಮೂಗು ಮುಚ್ಚಿಕೊಂಡಿತು. ಎಲ್ಲರೂ ನಕ್ಕರು.

ಚೌಡಜ್ಜಿ ನಗಲಿಲ್ಲ. ನಗುವ ವಯಸ್ಸು ದಾಟಿತ್ತು. "ನೀನು ಲೆಕ್ಕ ಬಲ್ಲವನಂತೆ. ನನಗೊಂದು ಲೆಕ್ಕ ಮಾಡಿಕೊಡು. ಈ ಕಾಡಲ್ಲಿ ಅತಿ ದೊಡ್ಡ ಹೆಬ್ಬಲಸಿನ ಮರ ಯಾರದು?"

"ನ... ನನ್ನದು."

"ಅದರಲ್ಲಿ ಎಷ್ಟು ಹಣ್ಣಿದೆ?"

"ಎಣಿಸಿಲ್ಲ ಅಜ್ಜಿ. ಬಹಳ ಇದೆ."

"ತಿನ್ನೋ ಬಾಯಿ ಎಷ್ಟು?"

ಗಂಧರಾಯ ಬಾಲ ಮಡಚಿಕೊಂಡ.

"ಒಂದು," ಎಂದಳು ಚೌಡಜ್ಜಿ. "ನಾವು ನಲವತ್ತು. ನಮಗೆ ತಲೆ ಮೇಲೆ ಎಲೆಯೂ ಇಲ್ಲ. ಯಾವ ಮರದಿಂದ ಆಚೆಗೆ ಹಸಿವು ಹಸಿವಲ್ಲ ಅಂತ ನೀನೇ ಹೇಳಿಬಿಡು. ನಾವು ಅಲ್ಲಿಗೇ ಸುಮ್ಮನಾಗ್ತೀವಿ."

"ಅದು ನಮ್ಮಮ್ಮ ನನ್ನನ್ನ ಸಾಕಿದ ಮರ ಅಜ್ಜಿ!" ಗಂಧರಾಯನ ದನಿ ಒಡೆಯಿತು. "ಅದೂ ಇದೂ ಒಂದೇ ಆಗುತ್ತಾ? ಅದು ನನ್ನದು!"

"ಹೌದಪ್ಪ," ಎಂದ ದ್ಯಾವಯ್ಯ ಮೇಲಿನಿಂದ. ಆ ಸಂಜೆ ಅವನು ಆಡಿದ್ದು ಇದೊಂದೇ ಮಾತು. "ಅವರೂ ನನ್ನವರಾಗಿದ್ದರು."

ಕೋತಿಗಳು ಹೆಬ್ಬಲಸಿನ ಮರಕ್ಕೆ ಹೋದವು. ಯಾರೂ ಗಂಧರಾಯನನ್ನು ಹೊಡೆಯಲಿಲ್ಲ. ಚೌಡಜ್ಜಿ ಅವನಿಗೆಂದು ತುದಿಯ ಒಂದು ಕೊಂಬೆಯನ್ನು ಬಿಟ್ಟುಕೊಟ್ಟಳು. "ಅಮ್ಮನ ಮರ ಅಂದೆಯಲ್ಲ, ಅದಕ್ಕೆ ಈ ಕೊಂಬೆ," ಎಂದಳು. ನಲವತ್ತು ಕೋತಿಗಳ ಗಲಾಟೆಯಲ್ಲಿ ಹಗಲು ಮಲಗುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಅವನು ದಿನವಿಡೀ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದ. ಸಂಜೆಯಾದರೆ ಒಂದು ಹಿಡಿ ನೇರಳೆಗಾಗಿ ತಾನೇ ಹಳ್ಳ ದಾಟಿ ಹೋಗಬೇಕಾಗುತ್ತಿತ್ತು. ಅವನ ಘಮ ಬಂದ ಕೂಡಲೇ ಕಾಡಿನವರು ಮಾತು ನಿಲ್ಲಿಸುತ್ತಿದ್ದರು. ಅವನ ಪ್ರಶ್ನೆ ಕೇಳಲು ಯಾರೂ ಉಳಿಯುತ್ತಿರಲಿಲ್ಲ.

ದ್ಯಾವಯ್ಯ ಮತ್ತೆ ಮೂವತ್ತಕ್ಕೆ ಮೂವತ್ತು ಹಣ್ಣನ್ನೂ ಮನೆಗೆ ತಂದ. ನಾಗವ್ವ ಬೀಜಗಳನ್ನು ಕಿಂಡಿಯಿಂದ ಹೊರಗೆ ತಳ್ಳಿದಳು. ದಿನದ ಕೊನೆಗೆ ಅವನು ಅವುಗಳನ್ನು ಆರಿಸಿಕೊಂಡು ಗುಡ್ಡದಾಚೆಗೆ ಹೋಗಿ ಬೂದಿಯಲ್ಲಿ ಬೀಳಿಸಿ ಬಂದ. ಈ ಸಲ ಹೋಗುವ ಮೊದಲು ಕಿಂಡಿಯ ಬಳಿ ನಿಂತು ಹೇಳಿ ಹೋಗುತ್ತಿದ್ದ. ದಣಿವು ಕಡಿಮೆಯಾಗಲಿಲ್ಲ. ಆದರೆ ಕೊಂಬೆಯ ಮೇಲೆ ಕೂತಾಗ ತಪ್ಪು ಮಾಡಿದ ಹಾಗೆ ಅನಿಸುತ್ತಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದು ಎರಡು ವಾರಕ್ಕೆ ನಾಗವ್ವ ಗೋಡೆ ಒಡೆದು ಹೊರಗೆ ಬಂದಳು.

ಅವಳ ಗರಿಗಳು ಮತ್ತೆ ಬೆಳೆದಿದ್ದವು. ಆದರೆ ಮೈ ಅರ್ಧಕ್ಕರ್ಧ ಆಗಿತ್ತು. ಎದೆಯ ಮೂಳೆ ಎದ್ದು ಕಾಣುತ್ತಿತ್ತು. ಕೊಕ್ಕು ಮಾತ್ರ ಮೊದಲಿನ ಹಾಗೇ ಇತ್ತು. ದ್ಯಾವಯ್ಯ ಅವಳನ್ನು ನೋಡಿ ಮುಖ ತಿರುಗಿಸಿದ.

"ನೋಡಿ," ಎಂದಳು ನಾಗವ್ವ. "ಈಗಲಾದರೂ ನೋಡಿ."

ಅವನು ನೋಡಿದ.

ಅವಳ ಹಿಂದೆ ದೊಡ್ಡ ಮರಿ ತಲೆ ಹೊರಗೆ ಹಾಕಿತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಚೀರಿತು. ಒಂದೇ ದನಿ.

ನಾಗವ್ವ ಮರದ ಬುಡಕ್ಕೆ ಇಳಿದಳು. ಅಲ್ಲಿದ್ದ ಒಂದು ನೇರಳೆ ಬೀಜವನ್ನು ಕೊಕ್ಕಿನಲ್ಲಿ ತೆಗೆದುಕೊಂಡಳು. "ಆ ಗುಡ್ಡ ಎಲ್ಲಿದೆ, ತೋರಿಸಿ," ಎಂದಳು.

"ಇವತ್ತೇ ಬೇಡ ಕಣೇ. ನಿನ್ನ ಕೈಲಾಗಲ್ಲ."

"ತೋರಿಸಿ."

ಮೂರು ಕಡೆ ಕೂತು, ಉಸಿರು ತೆಗೆದುಕೊಂಡು ಅವಳು ಗುಡ್ಡ ದಾಟಿದಳು. ಕೆಳಗೆ ನೆಲ ಇನ್ನೂ ಕಪ್ಪಗಿತ್ತು. ಅಲ್ಲಲ್ಲಿ ದ್ಯಾವಯ್ಯ ಬೀಳಿಸಿದ್ದ ಬೀಜಗಳು ಎರಡೆಲೆ ಒಡೆದಿದ್ದವು. ನಾಗವ್ವ ಒದ್ದೆ ಬೂದಿಯ ಮೇಲೆ ಇಳಿದು ಬೀಜವನ್ನು ಇಟ್ಟಳು. ಕೊಕ್ಕಿನಿಂದ ಅದರ ಮೇಲೆ ಸ್ವಲ್ಪ ಮಣ್ಣು ಎಳೆದಳು.

"ಇದು ಸಣ್ಣದರ ಪಾಲು," ಎಂದಳು. "ಈ ಸಲ ನಾನೇ ಕೊಡ್ತಿದೀನಿ."

ನೀತಿ: ದೂರದವರ ಹಸಿವೂ ನಮ್ಮವರ ಹಸಿವಿನಷ್ಟೇ ನಿಜ, ಆದರೆ ನಮ್ಮ ಮಾತು ನಂಬಿ ಬಾಗಿಲು ಹಾಕಿಕೊಂಡವರ ತುತ್ತನ್ನು ಅವರನ್ನು ಕೇಳದೆ ತೆಗೆದುಕೊಟ್ಟರೆ ಅದು ದಾನವಾಗುವುದಿಲ್ಲ.